ಪಿಡುಗಿನ ಹೊತ್ತಿಗೆ ಬಾಗಿಲು ಹಾಕುವ ನರ್ಸಿಂಗ್ ಹೋಮ್: ಐದು ಗಡಿ ತಾಲೂಕುಗಳ ನಾಗರಿಕರ ಖಂಡನಾ ಹೇಳಿಕೆ

ಸಾಂಕ್ರಾಮಿಕ ರೋಗ, ನೆರೆ ಮುಂತಾದ ಆರೋಗ್ಯ ವಿಪತ್ತಿನ ಕಾಲದಲ್ಲಿ ರೋಗಿಯನ್ನು ಗೇಟಿನಿಂದಲೇ ತಿರುಗಿಸಿ ಕಳಿಸುವ, ಮುಂಗಡ ಕಟ್ಟದೆ ಒಳಗೆ ಬಿಡದ, ಸತ್ತವರ ದೇಹವನ್ನು ಬಿಲ್ಲಿನ ಬಾಕಿಗೆ ಹಿಡಿದಿಟ್ಟುಕೊಳ್ಳುವ ಖಾಸಗಿ ನರ್ಸಿಂಗ್ ಹೋಮ್‌ಗಳ ನಡವಳಿಕೆಯನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನಾಗರಿಕರ ಪರವಾಗಿ ನಮ್ಮ ಸಂಘವು ಉಗ್ರವಾಗಿ ಖಂಡಿಸುತ್ತದೆ. ಇದನ್ನು ತಡೆಯುವ ಕಾನೂನು ಕೈಯಲ್ಲಿದ್ದೂ ಅದನ್ನು ಕಪಾಟಿನಲ್ಲಿಟ್ಟು ಕುಳಿತ ಆಡಳಿತವನ್ನು ಅದಕ್ಕಿಂತ ಹೆಚ್ಚಾಗಿ ಖಂಡಿಸುತ್ತದೆ. ಕೋವಿಡ್‌ನ ಎರಡನೆಯ ಅಲೆ ಕಳೆದು ವರ್ಷಗಳೇ ಆದವು. ಸತ್ತವರ ತಿಥಿಗಳು ಮುಗಿದವು, ಸಾಲಗಳು ಮುಗಿದಿಲ್ಲ. ಮತ್ತೆ ಅಂಥ ಕಾಲ ಬಂದರೆ ಯಾವ ದವಾಖಾನೆ ಯಾರನ್ನು ಸೇರಿಸಿಕೊಳ್ಳಬೇಕು, ಯಾವ ದರಕ್ಕೆ, ಯಾರ ಹೊಣೆಯಲ್ಲಿ ಎಂಬುದನ್ನು ನಮ್ಮ ಊರುಗಳಲ್ಲಿ ಇವತ್ತಿಗೂ ಯಾರೂ ಹೇಳಲಾರರು. ಈ ಹೇಳಿಕೆಗೆ ಅದೇ ಕಾರಣ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಆ ದಿನಗಳಲ್ಲಿ ಹಗಲು ರಾತ್ರಿ ಎನ್ನದೆ ದುಡಿದ ವೈದ್ಯರು, ನರ್ಸ್‌ಗಳು, ವಾರ್ಡ್‌ಬಾಯ್‌ಗಳು, ಆಂಬುಲೆನ್ಸ್ ಚಾಲಕರು, ಮನೆಮನೆಗೆ ತಿರುಗಿದ ಆಶಾ ಕಾರ್ಯಕರ್ತೆಯರು ನಮ್ಮವರೇ. ಅವರಲ್ಲಿ ಕೆಲವರು ಸೋಂಕು ತಗಲಿ ಜೀವವನ್ನೇ ಕಳೆದುಕೊಂಡರು. ತಾಲೂಕು ಊರುಗಳಲ್ಲಿ ಬಡವರ ಬಿಲ್ಲನ್ನು ಅರ್ಧಕ್ಕೆ ಇಳಿಸಿದ, ಫೀಜು ಬೇಡ ಎಂದ ಖಾಸಗಿ ಡಾಕ್ಟರರನ್ನೂ ಜನ ಮರೆತಿಲ್ಲ. 2020ರ ಜುಲೈನಲ್ಲಿ ರೋಗಿಯೊಬ್ಬರ ಸಾವಿನ ನಂತರ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಮುಂದೆ ಆಂಬುಲೆನ್ಸಿಗೆ ಬೆಂಕಿ ಇಟ್ಟು ಕಲ್ಲು ತೂರಿದ ಕೃತ್ಯವನ್ನೂ ಇದೇ ಹೇಳಿಕೆಯಲ್ಲಿ ಖಂಡಿಸುತ್ತೇವೆ. ಸಿಟ್ಟು ಎಷ್ಟೇ ನ್ಯಾಯದ್ದಾಗಿರಲಿ, ಇನ್ನೊಬ್ಬ ರೋಗಿಯ ಗಾಡಿ ಸುಡುವುದು ಅನ್ಯಾಯ. ಆದರೆ ಜನರ ಸಿಟ್ಟನ್ನು ತೋರಿಸಿ ಜನರ ದೂರನ್ನು ಮುಚ್ಚಿಹಾಕುವ ಪರಿಪಾಠವನ್ನು ನಾವು ಒಪ್ಪುವುದಿಲ್ಲ.

2021ರ ಏಪ್ರಿಲ್ ಕೊನೆಯಿಂದ ಮೇ ಉದ್ದಕ್ಕೂ ಈ ಭಾಗದ ದವಾಖಾನೆಗಳ ಗೇಟಿನ ಮುಂದೆ ನಿಂತವರಿಗೆ ನಾವು ಹೇಳುವುದು ಹೊಸದೇನಲ್ಲ. ಬಾಡಿಗೆಯ ಕ್ರೂಸರ್‌ನ ಹಿಂದಿನ ಸೀಟಿನಲ್ಲಿ ರೋಗಿ, ಪಕ್ಕದಲ್ಲಿ ಸೆರಗಿನಿಂದ ಗಾಳಿ ಹಾಕುತ್ತ ಹೆಂಡತಿ, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನಲ್ಲಿ 82, ಆಮೇಲೆ 79. ಗೇಟಿನ ಕಾವಲುಗಾರ ಒಳಗೆ ಹೋಗಿ ಬಂದು “ಬೆಡ್ ಖಾಲಿ ಇಲ್ರಿ, ಬ್ಯಾರೆ ಕಡೆ ನೋಡ್ರಿ” ಎನ್ನುತ್ತಿದ್ದ. ಡಾಕ್ಟರ್ ಹೊರಗೆ ಬಂದು ರೋಗಿಯ ಮುಖ ನೋಡುತ್ತಿರಲಿಲ್ಲ. ಯಾವ ದವಾಖಾನೆಗೆ ಹೋಗಬೇಕೆಂದು ಚೀಟಿ ಬರೆದು ಕೊಡುವವರೂ ಇರಲಿಲ್ಲ. ಅದೇ ಗೇಟಿಗೆ ಇನ್ನೊಂದು ಗಾಡಿ ಬಂದು, ಯಾರೋ ಪುಢಾರಿಯ ಫೋನು ಒಳಗೆ ಹೋದರೆ, ಇಲ್ಲದ ಹಾಸಿಗೆ ಐದು ನಿಮಿಷದಲ್ಲಿ ಹುಟ್ಟುತ್ತಿತ್ತು. ಹಾಸಿಗೆಗಳ ಕೊರತೆ ನಿಜವಾಗಿಯೂ ಇತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಇರುವ ಹಾಸಿಗೆಯನ್ನು ಯಾರಿಗೆ ಕೊಡಬೇಕೆಂಬುದನ್ನು ಕೌಂಟರಿನಲ್ಲಿ ಕುಳಿತವರ ಮರ್ಜಿಗೆ ಬಿಟ್ಟದ್ದನ್ನು ನಾವು ಖಂಡಿಸುತ್ತೇವೆ. ಉಸಿರು ಸಿಗದವನು ಯಾರು, ಕಾಯಬಲ್ಲವನು ಯಾರು ಎಂದು ನೋಡುವ ಕೆಲಸ ವೈದ್ಯರದು. ಅದನ್ನು ಕ್ಯಾಷಿಯರ್ ಮಾಡುತ್ತಿದ್ದ.

ಒಳಗೆ ಹೋಗಲು ಮುಂಗಡ ಕಟ್ಟಬೇಕು, ಅದೂ ನಗದಾಗಿ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಇನ್ನೂ ಬಂದಿರದ ರೈತ, ವಾರದ ಮಜೂರಿಯ ಮೇಲೆ ಬದುಕುವ ನಿಪ್ಪಾಣಿಯ ಬೀಡಿ ಕಾರ್ಮಿಕ ಮಹಿಳೆ, ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿಕೊಂಡ ದರ್ಜಿ ಮಧ್ಯರಾತ್ರಿ ಎಲ್ಲಿಂದ ತರಬೇಕು? ತಾಳಿಯ ಬಂಗಾರ ಒತ್ತೆ ಬಿದ್ದದ್ದು, ಪತ್ತಿನ ಸಂಘದ ಅಧ್ಯಕ್ಷರನ್ನು ನಿದ್ದೆಯಿಂದ ಎಬ್ಬಿಸಿ ಕೈಗಡ ಕೇಳಿದ್ದು, ಎತ್ತು ಮಾರಿದ್ದು, ಎಲ್ಲವೂ ಆ ದಿನಗಳಲ್ಲಿ ನಡೆಯಿತು.

ಕೋವಿಡ್ ಇಲ್ಲದವರ ಪಾಡು ಇನ್ನೂ ಕೆಟ್ಟದ್ದಾಗಿತ್ತು. ಹೆರಿಗೆ ನೋವು ಬಂದ ಹೆಣ್ಣುಮಗಳಿಗೆ ಮೊದಲು ಆರ್‌ಟಿಪಿಸಿಆರ್ ವರದಿ ತರಲು ಹೇಳಿದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಾದವರು, ಹಾವು ಕಡಿದವರು, ಎದೆನೋವಿನವರು ಕೆಮ್ಮಿದರೆ ಸಾಕು, ಗೇಟು ಮುಚ್ಚುತ್ತಿತ್ತು. 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ಸೋಂಕು ಹರಡಿ ಊರು ಸೀಲ್‌ಡೌನ್ ಆದ ನಂತರ, ಆಧಾರ್ ಕಾರ್ಡಿನಲ್ಲಿ ಕುಡಚಿ ಎಂದು ಓದಿದ ಕೂಡಲೇ ಬೇರೆ ಊರಿನ ದವಾಖಾನೆಗಳಲ್ಲಿ ತಮ್ಮನ್ನು ದೂರ ನಿಲ್ಲಿಸಿದರೆಂದು ನಮ್ಮ ಮುಂದೆ ಹೇಳಿಕೊಂಡವರಿದ್ದಾರೆ. ಊರಿನ ಹೆಸರು, ಜಾತಿ, ಧರ್ಮ ನೋಡಿ ರೋಗಿಯನ್ನು ಅಳೆಯುವ ಈ ನಡತೆಗೆ ಯಾವ ಸೋಂಕಿನ ಭಯವೂ ಸಮಜಾಯಿಷಿಯಲ್ಲ.

ಇನ್ನು ಬಿಲ್ಲಿನ ಮಾತು. ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಅಂಥದೊಂದು ಬಿಲ್ಲು ಈಗಲೂ ಇದೆ. ದವಾಖಾನೆಯ ಹೆಸರು ಅಚ್ಚಾದ ಹಾಳೆಯ ಮೇಲೆ ಅದು ಬರೆದದ್ದಲ್ಲ, ಸಾಲುಗೆರೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಬೆಡ್ ಚಾರ್ಜು, ನರ್ಸಿಂಗ್, ಆಕ್ಸಿಜನ್, ಪಿಪಿಇ ಕಿಟ್, ಕೊನೆಗೆ “ಇತರೆ”. ಎದುರಿಗೆ ಮೊತ್ತಗಳಿವೆ. ಸಿಕ್ಕಾ ಇಲ್ಲ, ಸಹಿ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಪಕ್ಕಾ ಬಿಲ್ಲು ಕೇಳಿದರೆ “ನಾಳೆ ಬರ್ರಿ” ಎಂದರು. ಆ ನಾಳೆ ಬರಲಿಲ್ಲ. ದವಾಖಾನೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಯಾರದೋ ಒಬ್ಬರ ಹೆಸರು ಕೆಡಿಸುವುದು ನಮ್ಮ ಉದ್ದೇಶವಲ್ಲ, ಅಂಥ ಹಾಳೆಗಳು ಈ ಐದು ತಾಲೂಕುಗಳ ಎಷ್ಟೋ ಮನೆಗಳ ಟ್ರಂಕಿನಲ್ಲಿವೆ.

ಹಾಗಾದರೆ ದರವೇ ಇರಲಿಲ್ಲವೆ? ಇತ್ತು. 2020ರ ಜೂನ್ 23ರಂದು ರಾಜ್ಯ ಸರಕಾರ ಆದೇಶ ಹೊರಡಿಸಿ, ಖಾಸಗಿ ಆಸ್ಪತ್ರೆಗಳು ಅರ್ಧದಷ್ಟು ಹಾಸಿಗೆಗಳನ್ನು ಸರಕಾರ ಕಳಿಸಿದ ಕೋವಿಡ್ ರೋಗಿಗಳಿಗೆ ಮೀಸಲಿಡಬೇಕೆಂದು ಹೇಳಿತು. ಹಾಗೆ ಬಂದವರಿಗೆ ದಿನಕ್ಕೆ ಸಾಮಾನ್ಯ ವಾರ್ಡಿನಲ್ಲಿ 5,200 ರೂಪಾಯಿ, ಎಚ್‌ಡಿಯುನಲ್ಲಿ (ಹೆಚ್ಚಿನ ನಿಗಾ ವಾರ್ಡು) 7,000, ವೆಂಟಿಲೇಟರ್ ಇಲ್ಲದ ಐಸಿಯುನಲ್ಲಿ 8,500, ವೆಂಟಿಲೇಟರ್ ಇದ್ದರೆ 10,000 ಎಂದು ಗೊತ್ತುಮಾಡಿತು. ಈ ಖರ್ಚು ಸರಕಾರದ್ದು. ನೇರವಾಗಿ ಹೋಗಿ ಕೈಯಿಂದ ಹಣ ಕಟ್ಟುವವರಿಗೆ ಇದೇ ಕ್ರಮದಲ್ಲಿ 10,000, 12,000, 15,000, 25,000 ರೂಪಾಯಿಯ ಮಿತಿ. ಆದೇಶ ಬೆಂಗಳೂರಿನಲ್ಲಿ ಸಹಿಯಾಯಿತು. ರಾಯಬಾಗದ ರೈತನಿಗೆ ಅದು ಗೊತ್ತಾಗಬೇಕಾದದ್ದು ದವಾಖಾನೆಯ ಗೋಡೆಯ ಮೇಲೆ. ಗೋಡೆಯ ಮೇಲೆ ಡಾಕ್ಟರರ ಪದವಿಗಳಿದ್ದವು, ದೇವರ ಫೋಟೋ ಇತ್ತು, ದರಪಟ್ಟಿ ಇರಲಿಲ್ಲ. ಸರಕಾರದ ಮೂಲಕ ಹೋದರೆ ಉಚಿತ, ತಾನಾಗಿ ಹೋದರೆ ಎಲ್ಲ ಖರ್ಚೂ ತನ್ನದೇ ಎಂಬ ಮುಖ್ಯ ಸಂಗತಿಯನ್ನೇ ತಿಳಿಯದೆ ಜನ ನೇರವಾಗಿ ಗೇಟಿಗೆ ಹೋದರು. ತಿಳಿಸಬೇಕಾದ ಆರೋಗ್ಯ ಇಲಾಖೆ ತಿಳಿಸಲಿಲ್ಲ, ತಿಳಿಸಿದರೆ ನಷ್ಟವಾಗುವವರು ಹೇಗೂ ತಿಳಿಸುವುದಿಲ್ಲ.

ಕಾನೂನು ಇಲ್ಲವೆಂಬ ನೆಪಕ್ಕೂ ಜಾಗವಿಲ್ಲ. ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣಕ್ಕೆ ಕರ್ನಾಟಕ 1976ರಲ್ಲೇ ಕಾಯ್ದೆ ಮಾಡಿತ್ತು. ಅದರ ಜಾಗಕ್ಕೆ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. ಜನ ಅದನ್ನು ಕೆಪಿಎಂಇ ಎಂದೇ ಕರೆಯುತ್ತಾರೆ. 2017ರ ನವೆಂಬರ್‌ನಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅದಕ್ಕೆ ತಿದ್ದುಪಡಿ ತಂದದ್ದು ನಮ್ಮದೇ ಜಿಲ್ಲೆಯಲ್ಲಿ, ಬೆಳಗಾವಿಯ ಸುವರ್ಣಸೌಧದ ಅಧಿವೇಶನದಲ್ಲಿ. ರಾಜ್ಯದ ಖಾಸಗಿ ವೈದ್ಯರು ಬೆಳಗಾವಿಗೆ ಬಂದು ಧರಣಿ ಕುಳಿತರು, ದವಾಖಾನೆಗಳನ್ನು ಮುಚ್ಚಿದರು, ಚಿಕಿತ್ಸೆ ಸಿಗದೆ ರಾಜ್ಯದ ಜನ ಪರದಾಡಿದರು. ಮೂಲ ಮಸೂದೆಯ ಬಿಗಿಯನ್ನು ಸಡಿಲಿಸಿದ ಮೇಲೆಯೇ ಅದು ಪಾಸಾಯಿತು. ಸಡಿಲಾದ ಮೇಲೂ ಉಳಿದದ್ದು ಸಣ್ಣದಲ್ಲ. ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಮುಂಗಡ ಕೇಳದೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು. ಬಾಕಿ ಇದೆಯೆಂದು ಶವವನ್ನು ತಡೆಹಿಡಿಯುವಂತಿಲ್ಲ. ದರಪಟ್ಟಿ ಜನರಿಗೆ ಕಾಣುವಂತಿರಬೇಕು. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇರಬೇಕು. ಇದಕ್ಕೂ ಬಹಳ ಮೊದಲೇ, 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ, ಜೀವ ಉಳಿಸುವುದು ಸರಕಾರಿ ಇರಲಿ ಖಾಸಗಿ ಇರಲಿ ಪ್ರತಿಯೊಬ್ಬ ವೈದ್ಯನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ರೈಲಿನಿಂದ ಬಿದ್ದು ಗಾಯಗೊಂಡ ಕೂಲಿಕಾರನನ್ನು ಕಲಕತ್ತೆಯ ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆ ಹಾಸಿಗೆ ಇಲ್ಲವೆಂದು ತಿರುಗಿಸಿದ ಪ್ರಕರಣದಲ್ಲಿ, 1996ರಲ್ಲಿ, ಅದು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವದ ಹಕ್ಕಿನ ಉಲ್ಲಂಘನೆ ಎಂದು ಅದೇ ಕೋರ್ಟ್ ತೀರ್ಪು ಕೊಟ್ಟಿತು.

ಇಷ್ಟೆಲ್ಲ ಇದ್ದೂ ಬೆಳಗಾವಿಯ ಆ ಪ್ರಾಧಿಕಾರದ ಬಾಗಿಲು ಎಲ್ಲಿದೆ ಎಂಬುದು ಕಾಗವಾಡದ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಾದರೂ ಅಥಣಿ, ಕಾಗವಾಡದಿಂದ ಬೆಳಗಾವಿ ನೂರು ಕಿಲೋಮೀಟರಿಗೂ ಮೀರಿದ ದಾರಿ. 2011ರ ಜನಗಣತಿಯಲ್ಲಿ 47 ಲಕ್ಷ 79 ಸಾವಿರ ಜನರಿದ್ದ ಜಿಲ್ಲೆಗೆ ಒಂದೇ ಪ್ರಾಧಿಕಾರ, ಅದರ ಅಧ್ಯಕ್ಷರೇ ನೆರೆ, ಚುನಾವಣೆ, ಅಧಿವೇಶನ ಎಲ್ಲವನ್ನೂ ನೋಡಿಕೊಳ್ಳಬೇಕಾದ ಜಿಲ್ಲಾಧಿಕಾರಿ. ಪಿಡುಗಿನ ನಡುವೆ ರೋಗಿಯ ಮಗ ಬಸ್ಸಿಲ್ಲದ ದಿನ ಅಲ್ಲಿಗೆ ಹೋಗಿ ದೂರು ಕೊಟ್ಟು ಬರಲಿ ಎಂದು ನಿರೀಕ್ಷಿಸುವುದು ಕ್ರೌರ್ಯ.

ನಮ್ಮ ಐದು ತಾಲೂಕುಗಳಿಗೆ ರಾಜ್ಯದ ಬಹಳಷ್ಟು ಕಡೆ ಇಲ್ಲದ ಒಂದು ತೊಡಕಿದೆ, ಅದನ್ನು ಬೆಂಗಳೂರು ಎಂದೂ ತಿಳಿದುಕೊಂಡಿಲ್ಲ. ನಮ್ಮ ದೊಡ್ಡ ದವಾಖಾನೆ ಇರುವುದು ಗಡಿಯಾಚೆ, ಮಹಾರಾಷ್ಟ್ರದಲ್ಲಿ. ವಾನ್ಲೆಸ್ ಎಂಬ ಮಿಷನ್ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿರಜದಲ್ಲಿ ದವಾಖಾನೆ ಕಟ್ಟಿದಾಗಿನಿಂದ ಅಥಣಿ, ಕಾಗವಾಡ, ರಾಯಬಾಗದ ಜನ ಜಡ್ಡು ಜೋರಾದರೆ ಹೋಗುವುದು ಮಿರಜಕ್ಕೆ. ಕಾಗವಾಡದಿಂದ ಅದು ಅರ್ಧ ಗಂಟೆಯ ದಾರಿ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ, ಬೆಳಗಾವಿ ದೂರ. ಅಜ್ಜನ ಕಾಲದ ಈ ದಾರಿಯ ಮೇಲೆ 2020ರಲ್ಲಿ ಬ್ಯಾರಿಕೇಡು ಬಿತ್ತು. 2021ರಲ್ಲಿ ನಿಪ್ಪಾಣಿ ಬಳಿಯ ಕೊಗನೊಳ್ಳಿ, ಈ ಕಡೆ ಕಾಗವಾಡ, ಎರಡೂ ಚೆಕ್‌ಪೋಸ್ಟ್‌ಗಳಲ್ಲಿ ನೆಗೆಟಿವ್ ವರದಿ ತೋರಿಸು ಎಂದರು. ಚಿಕಿತ್ಸೆಗೆ ಹೋದವನು ಗುಣವಾಗಿ ವಾಪಸ್ ತನ್ನ ಊರಿಗೆ ಬರಲೂ ಚೀಟಿ ಬೇಕಾಯಿತು.

ದರವೂ ಗಡಿ ದಾಟಿದೊಡನೆ ಬದಲಾಗುತ್ತಿತ್ತು. ಮಹಾರಾಷ್ಟ್ರ ಸರಕಾರ 2020ರ ಮೇ 21ರಂದೇ ಖಾಸಗಿ ಆಸ್ಪತ್ರೆಗಳ ಶೇ. 80ರಷ್ಟು ಹಾಸಿಗೆಗಳಿಗೆ ದರ ನಿಗದಿ ಮಾಡಿತ್ತು: ವಾರ್ಡಿಗೆ 4,000, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000 ರೂಪಾಯಿ. ಪಿಪಿಇ ಕಿಟ್ಟು, ಬೆಲೆಬಾಳುವ ಔಷಧಿಗಳನ್ನು ಅದರಲ್ಲಿ ಸೇರಿಸಿರಲಿಲ್ಲ, ಆದ್ದರಿಂದ ಎರಡೂ ದರಗಳನ್ನು ನೇರಾನೇರ ತೂಗಲಾಗದು. ಆದರೂ ಅದೇ ರೋಗ, ಅದೇ ಕೃಷ್ಣಾ ತೀರ, ಅರ್ಧ ಗಂಟೆಯ ಅಂತರದಲ್ಲಿ ವೆಂಟಿಲೇಟರಿಗೆ ಒಂದು ಕಡೆ 9,000, ಇನ್ನೊಂದು ಕಡೆ 25,000 ಎಂದರೆ ಬಡವನಿಗೆ ಏನು ತಿಳಿಯಬೇಕು? ಕರ್ನಾಟಕದ ರೇಶನ್ ಕಾರ್ಡು ಹಿಡಿದು ಮಿರಜದಲ್ಲಿ ಮಲಗಿದ ರೋಗಿಗೆ ಯಾವ ಸರಕಾರ ಹೊಣೆ, ಅವನ ದೂರು ಸಾಂಗಲಿಯ ಕಲೆಕ್ಟರರಿಗೋ ಬೆಳಗಾವಿಯ ಜಿಲ್ಲಾಧಿಕಾರಿಗೋ? ಈ ಪ್ರಶ್ನೆಗೆ ಆಗಲೂ ಉತ್ತರ ಸಿಗಲಿಲ್ಲ.

ಉತ್ತರ ಸಿಗುವುದು ಅಸಾಧ್ಯವಾಗಿಯೂ ಇರಲಿಲ್ಲ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಕೇರಳದ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರನ್ನೇ ನಂಬಿದ ಕಾಸರಗೋಡಿನ ಕೆಲವು ರೋಗಿಗಳು ಸಮಯಕ್ಕೆ ಚಿಕಿತ್ಸೆ ಸಿಗದೆ ಸತ್ತರು. ಕನ್ನಡಿಗರೂ ಮಲಯಾಳಿಗಳೂ ಇರುವ ಜಿಲ್ಲೆ ಅದು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ತಡೆ ತೆಗೆಸಲು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ಗಡಿಯ ತಲಪಾಡಿಯಲ್ಲಿ ತುರ್ತು ರೋಗಿಗಳ ಆಂಬುಲೆನ್ಸ್ ದಾಟಿಸಲು ಎರಡೂ ರಾಜ್ಯಗಳ ನಡುವೆ ಒಂದು ಪದ್ಧತಿ ಒಪ್ಪಿಗೆಯಾಯಿತು. ಅಲ್ಲಿ ಕೋರ್ಟು ಕೇಳಿದ ಮೇಲೆ ದಿನಗಳಲ್ಲಿ ಆದದ್ದು ಇಲ್ಲಿ ಕೋರ್ಟಿಲ್ಲದೆಯೂ ಆಗಬೇಕಿತ್ತು. ಕಾಸರಗೋಡಿನವರ ಸಂಕಟಕ್ಕೆ ಕಾರಣವಾದದ್ದು ನಮ್ಮದೇ ಸರಕಾರ ಎಂಬುದನ್ನು ನಾವು ನೆನೆಯದೆ ಇರಲಾರೆವು, ಅದನ್ನೂ ಖಂಡಿಸುತ್ತೇವೆ.

ಪಿಡುಗೊಂದೇ ವಿಪತ್ತಲ್ಲ. 2019ರ ಆಗಸ್ಟ್ ನೆರೆಯಲ್ಲಿ ಯಮಗರ್ಣಿ ಬಳಿ ವೇದಗಂಗೆ ಹೆದ್ದಾರಿಯ ಮೇಲೆ ಹರಿದು ನಿಪ್ಪಾಣಿ ಕಡೆಯ ಸಂಚಾರ ದಿನಗಟ್ಟಲೆ ನಿಂತಿತು. 2021ರ ಜುಲೈನಲ್ಲಿ ಎರಡನೆಯ ಅಲೆ ಇನ್ನೂ ಪೂರ್ತಿ ಇಳಿಯದಿರುವಾಗಲೇ ಮತ್ತೆ ಹಾಗೇ ಆಯಿತು. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟ ಮಳೆಗಾಲಗಳಲ್ಲಿ ಕುಡಚಿ–ಉಗಾರ ಸೇತುವೆ, ಕಲ್ಲೋಳ–ಯಡೂರ ಸೇತುವೆ ಮುಳುಗುತ್ತವೆ. ಆಗ ನದಿಯ ಈಚೆಗೆ ಸಿಕ್ಕಿಬಿದ್ದ ಬಾಣಂತಿಗೆ ಹತ್ತಿರದ ನರ್ಸಿಂಗ್ ಹೋಮ್ ಒಂದೇ ಆಸರೆ. ಆ ಒಂದು ಗೇಟು ಮುಚ್ಚಿದರೆ ಮುಂದೆ ನೀರು.

ಸೇರಿಸಿಕೊಂಡ ಮೇಲಿನ ಆರೈಕೆಯ ಬಗ್ಗೆಯೂ ಹೇಳಲೇಬೇಕು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ಆದ ಸಾವುಗಳು ಇಡೀ ನಾಡನ್ನು ನಡುಗಿಸಿದವು. ಅಂಥ ಜಿಲ್ಲಾಸ್ಪತ್ರೆಯ ಗತಿಯೇ ಹಾಗಾದರೆ, ಕೈಬೆರಳೆಣಿಕೆಯ ಸಿಲಿಂಡರ್ ಇಟ್ಟುಕೊಂಡು ಗಂಭೀರ ರೋಗಿಗಳನ್ನು ಸೇರಿಸಿಕೊಂಡ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಏನಾಗಿರಬಹುದು? ರಾತ್ರಿ ಎರಡಕ್ಕೆ ಫೋನು ಬರುತ್ತಿತ್ತು: “ನಿಮ್ಮ ಪೇಶಂಟನ್ನ ಬೇರೆ ಕಡೆ ಒಯ್ಯಿರಿ, ಆಕ್ಸಿಜನ್ ಮುಗ್ಯಾಕ ಬಂದೈತಿ.” ಬೇರೆ ಕಡೆ ಎಂದರೆ ಎಲ್ಲಿ, ಯಾವ ಆಂಬುಲೆನ್ಸಿನಲ್ಲಿ, ಅಲ್ಲಿ ಹಾಸಿಗೆ ಇದೆಯೇ ಎಂದು ಕೇಳಿದರೆ ಫೋನು ಕಟ್. ಒಳಗಿರುವವರು ಹೇಗಿದ್ದಾರೆಂದು ಹೊರಗೆ ಕಾಯುವವರಿಗೆ ದಿನಕ್ಕೊಮ್ಮೆ ಹೇಳುವ ವ್ಯವಸ್ಥೆಯೂ ಇರಲಿಲ್ಲ. ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರಗಳು ಇಂಗ್ಲಿಷಿನಲ್ಲಿದ್ದವು. ಗಡಿಯ ಭಾಷಾ ಜಗಳ ದವಾಖಾನೆಯ ಬಾಗಿಲಿಗೆ ಬರಬಾರದು: ಕನ್ನಡ ಓದುವವನಿಗೆ ಕನ್ನಡದಲ್ಲಿ, ಮರಾಠಿ ಓದುವವನಿಗೆ ಮರಾಠಿಯಲ್ಲಿ ಕಾಗದ ಕೊಡಿ. ತಾನು ಯಾವುದಕ್ಕೆ ಒಪ್ಪಿದೆ ಎಂದು ಅವನಿಗೆ ತಿಳಿಯಲಿ.

ಆದ್ದರಿಂದ ನಾವು ಒತ್ತಾಯಿಸುವುದು ಇಷ್ಟು. ಯಾವ ನರ್ಸಿಂಗ್ ಹೋಮ್‌ನಲ್ಲಿ ಎಷ್ಟು ಹಾಸಿಗೆ, ಎಷ್ಟು ಆಕ್ಸಿಜನ್, ಎಷ್ಟು ನರ್ಸ್‌ಗಳಿದ್ದಾರೆ ಎಂಬ ಪಟ್ಟಿಯನ್ನು ಐದೂ ತಾಲೂಕುಗಳಲ್ಲಿ ವಿಪತ್ತು ಬರುವ ಮೊದಲೇ ಮಾಡಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪರಿಶೀಲಿಸಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ವಿಪತ್ತು ಘೋಷಣೆಯಾದ ದಿನದಿಂದ ಎಷ್ಟು ಹಾಸಿಗೆ ಮೀಸಲು, ಯಾವ ದರ ಎಂಬುದು ಆ ಪಟ್ಟಿಯಲ್ಲೇ ಇರಬೇಕು. ಬೆಂಗಳೂರಿನ ಆದೇಶಕ್ಕೆ ಕಾಯುವ ಹೊತ್ತಿನಲ್ಲಿ ಹೋಗುವುದು ನಮ್ಮ ಜೀವಗಳು. ಗೇಟಿಗೆ ಬಂದ ಪ್ರತಿ ರೋಗಿಯನ್ನು ಒಬ್ಬ ವೈದ್ಯ ನೋಡಲೇಬೇಕು. ಸೇರಿಸಿಕೊಳ್ಳದಿದ್ದರೆ ಕಾರಣ, ವೇಳೆ, ಸಹಿ ಹಾಕಿ ಚೀಟಿ ಕೊಡಬೇಕು, ಮುಂದೆ ಎಲ್ಲಿಗೆ ಹೋಗಬೇಕೆಂದು ತಾನೇ ಫೋನು ಮಾಡಿ ಹಾಸಿಗೆ ಗೊತ್ತುಮಾಡಿ, ಉಸಿರು ಆಡುವಂತೆ ಮಾಡಿ ಕಳಿಸಬೇಕು. ಈ ಚೀಟಿಯೊಂದನ್ನೇ ನಾವು ಎಲ್ಲಕ್ಕಿಂತ ಮುಖ್ಯವೆಂದು ತಿಳಿಯುತ್ತೇವೆ, ಏಕೆಂದರೆ ಬಾಯಿಮಾತಿನ “ಬೆಡ್ ಇಲ್ಲ” ಎಂಬುದನ್ನು ಕೋರ್ಟಿನಲ್ಲಿ ಸಾಬೀತುಪಡಿಸುವುದು ಕಷ್ಟ. ಕೆಪಿಎಂಇ ಪ್ರಾಧಿಕಾರದ ಅಧಿಕಾರವನ್ನು ವಿಪತ್ತಿನ ಕಾಲದಲ್ಲಿ ಚಿಕ್ಕೋಡಿಯ ಉಪವಿಭಾಗಾಧಿಕಾರಿಗೆ ಕೊಟ್ಟು, ದೂರಿಗೆ ದಿನದೊಳಗೆ ಉತ್ತರ ಸಿಗುವಂತೆ ಮಾಡಬೇಕು. ಬೆಳಗಾವಿ ಜಿಲ್ಲಾಡಳಿತ ಸಾಂಗಲಿ, ಕೊಲ್ಲಾಪುರ ಜಿಲ್ಲಾಡಳಿತಗಳ ಜತೆ ಕುಳಿತು, ರೋಗಿಯ ಗಾಡಿಗೆ ಯಾವ ಕಾಲದಲ್ಲೂ ಗಡಿ ಮುಚ್ಚದಂಥ ಬರಹದ ಒಪ್ಪಂದ ಮಾಡಿಕೊಳ್ಳಬೇಕು.

ನರ್ಸಿಂಗ್ ಹೋಮ್ ನಡೆಸುವವರ ಅಹವಾಲಿನಲ್ಲೂ ಸತ್ಯವಿದೆ. ಸರಕಾರ ಕಳಿಸಿದ ರೋಗಿಗಳ ಹಣ ತಿಂಗಳುಗಟ್ಟಲೆ ಬಾರದಿದ್ದರೆ ಸಣ್ಣ ದವಾಖಾನೆ ಮುಳುಗುತ್ತದೆ. ಆ ಬಾಕಿಯನ್ನು ಗೊತ್ತಾದ ದಿನದೊಳಗೆ ತೀರಿಸುವುದೂ ಸರಕಾರದ ಹೊಣೆ ಎಂದು ಅವರ ಪರವಾಗಿಯೂ ಕೇಳುತ್ತೇವೆ. ಅವರು ಈ ಬೇಡಿಕೆಗೆ ನಮ್ಮೊಂದಿಗೆ ಸಹಿ ಹಾಕಲಿ. ಸರಕಾರ ಬಾಕಿ ಇಟ್ಟಿದೆಯೆಂದು ಸತ್ತವನ ಮಗನಿಂದ ವಸೂಲಿಗೆ ಇಳಿಯುವುದನ್ನು ಮಾತ್ರ ಸಹಿಸುವುದಿಲ್ಲ.

ಈ ಹೇಳಿಕೆಯ ಪ್ರತಿಯನ್ನು ಆರೋಗ್ಯ ಸಚಿವರಿಗೆ, ಬೆಳಗಾವಿ ಜಿಲ್ಲಾಧಿಕಾರಿ ಹಾಗೂ ಜಿಲ್ಲಾ ಆರೋಗ್ಯಾಧಿಕಾರಿಗೆ, ಚಿಕ್ಕೋಡಿ ಉಪವಿಭಾಗಾಧಿಕಾರಿಗೆ, ಐದೂ ತಾಲೂಕುಗಳ ತಹಶೀಲ್ದಾರರಿಗೆ ಮತ್ತು ಶಾಸಕರಿಗೆ ಸಲ್ಲಿಸುತ್ತೇವೆ. ಮಿರಜ, ಕೊಲ್ಲಾಪುರದ ಅಧಿಕಾರಿಗಳಿಗೆ ಮರಾಠಿಯಲ್ಲಿ ಕಳಿಸುತ್ತೇವೆ. 2020 ಮತ್ತು 2021ರಲ್ಲಿ ದವಾಖಾನೆಯ ಗೇಟಿನಿಂದ ತಿರುಗಿ ಬಂದವರು, ಮುಂಗಡ ಕಟ್ಟಿದವರು, ಚೀಟಿಯ ಬಿಲ್ಲು ಇಟ್ಟುಕೊಂಡವರು ಆ ಕಾಗದಗಳನ್ನು ಎಸೆಯಬಾರದು. ಝೆರಾಕ್ಸ್ ಮಾಡಿಸಿ ತಮ್ಮ ತಾಲೂಕಿನ ನಮ್ಮ ಸದಸ್ಯರ ಕೈಗೆ ಕೊಡಬೇಕು. ಹೆಸರು ಗುಟ್ಟಾಗಿಟ್ಟು, ಎಲ್ಲವನ್ನೂ ಒಟ್ಟುಮಾಡಿ ಜಿಲ್ಲಾ ಪ್ರಾಧಿಕಾರದ ಮುಂದೆ ದೂರು ದಾಖಲಿಸುತ್ತೇವೆ, ಅಲ್ಲಿ ಉತ್ತರ ಸಿಗದಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುತ್ತೇವೆ.

ಸಂಘದ ಕಾರ್ಯಕಾರಿ ಸಮಿತಿಯ ಪರವಾಗಿ,
ಚಿಕ್ಕೋಡಿ